ಬೀಟೆ ಮರದ ಅಧ್ಯಯನ ಪೀಠ

ಅಮೆರಿಕದ ಕಪ್ಪು ಜನರ ಬೌದ್ಧಿಕ ಇತಿಹಾಸವು ಬಾಳ್ಳುಪೇಟೆಗೆ ಚೀಟಿ ಎತ್ತುವ ಮೂಲಕ ಬಂದಿತು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಪ್ರತಿಯೊಂದು ಕಾಲೇಜೂ ಒಂದು ಜಾಗತಿಕ ಅಧ್ಯಯನ ಪೀಠವನ್ನು ಸ್ಥಾಪಿಸತಕ್ಕದ್ದು, ಸ್ಥಾಪಿಸದಿದ್ದಲ್ಲಿ ಮಾನ್ಯತೆಯನ್ನು ಮರುಪರಿಶೀಲಿಸಲಾಗುವುದು ಎಂದು ಮೇಲಿನ ಕಚೇರಿಯಿಂದ ಸುತ್ತೋಲೆ ಹೊರಟಿತ್ತು. ಯಾವ ಕಾಲೇಜಿಗೆ ಯಾವ ವಿಷಯ ಎಂಬುದರಲ್ಲಿ ವಶೀಲಿ ನಡೆಯಬಾರದೆಂದು ಸ್ಟೀಲಿನ ಕೊಡದಲ್ಲಿ ಚೀಟಿ ಹಾಕಿ ಎತ್ತಿಸಿದರು. ಆಲೂರು ಕಡೆಯ ಒಂದು ಕಾಲೇಜಿಗೆ ಉತ್ತರ ಧ್ರುವ ಬಂತು. ಪರಿಶೀಲನೆಗೆಂದು ಧ್ರುವದಿಂದ ಯಾರೂ ಬರಲಾರರೆಂದು ಅವರು ಸಂತೋಷದಿಂದಲೇ ಊಟಕ್ಕೆ ಎದ್ದರು. ವರ್ಷದಲ್ಲಿ ಅರ್ಧ ಕಾಲ ಕೊಡೆ ಬಿಚ್ಚಿಕೊಂಡೇ ಇರುವ ಘಟ್ಟದಂಚಿನ ಒಂದು ಕಾಲೇಜಿಗೆ ಮರುಭೂಮಿಯ ನೀರಾವರಿ ಬಂತು. ಬಾಳ್ಳುಪೇಟೆಯ ಶ್ರೀ ವೀರಭದ್ರಯ್ಯ ಸ್ಮಾರಕ ಪ್ರಥಮ ದರ್ಜೆ ಕಾಲೇಜಿನ ಪ್ರಾಂಶುಪಾಲ ಮಂಜುನಾಥ, ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಕೈ ಹಾಕಿದರೆ ಬಂದದ್ದು ‘ಅಮೆರಿಕದ ಕಪ್ಪು ಜನರ ಬೌದ್ಧಿಕ ಇತಿಹಾಸ ಮತ್ತು ಸ್ಮೃತಿ ಅಧ್ಯಯನ ಪೀಠ’.

ಅವರು ಚೀಟಿಯನ್ನು ಎರಡು ಸಲ ಓದಿ, ಬದಲಾಯಿಸಿ ಕೊಡಬಹುದೇ ಎಂದು ಕೇಳಿದರು. ಕೊಡದ ಪಕ್ಕ ಕೂತಿದ್ದ ಗುಮಾಸ್ತ, “ಬದಲಾಯಿಸೋಕೆ ಇದೇನು ಬಳೆ ಅಂಗಡಿಯೇನ್ರೀ?” ಎಂದ. ಮಂಜುನಾಥ ಇತಿಹಾಸವನ್ನು ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದರು.

ಕಾಲೇಜಿನ ಟ್ರಸ್ಟಿಗೆ ಗಂಗಾಮಣಿಯವರು ಅಧ್ಯಕ್ಷೆ. ಹೋಬಳಿಗೇ ಮೊದಲು ಡಿಗ್ರಿ ಮಾಡಿದ ಹೆಣ್ಣುಮಗಳು. ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳಿಕೊಂಡವರಲ್ಲ. ಹೇಳುವ ಅಗತ್ಯವೇ ಬೀಳದಂತೆ ಮನೆಯ ಗೇಟು, ಜೀಪಿನ ಹಿಂಭಾಗ, ಕಾಫಿ ಮೂಟೆ, ಮುಯ್ಯಿ ಕವರು ಎಲ್ಲದರ ಮೇಲೂ ‘ಗಂಗಾಮಣಿ, ಬಿ.ಎ.’ ಎಂದು ಬರೆಸಿದ್ದರು. ತಮ್ಮ ಎಸ್ಟೇಟಿನ ನೂರು ವರ್ಷದ ಇತಿಹಾಸವನ್ನು ತಾವೇ ಬರೆದು ಅಚ್ಚು ಹಾಕಿಸಿದ್ದರು. ಅದರಲ್ಲಿ ಮಾವ ವೀರಭದ್ರಯ್ಯನವರು ಸಾಕಿದ್ದ ಬೇಟೆ ನಾಯಿಗಳ ಹೆಸರು, ಅವುಗಳ ತಾಯಿ ತಂದೆಯರ ಹೆಸರು, ಯಾವುದು ಯಾವ ಕಾಯಿಲೆಯಲ್ಲಿ ತೀರಿಕೊಂಡಿತು ಎಂಬುದೆಲ್ಲ ತಪ್ಪಿಲ್ಲದೆ ದಾಖಲಾಗಿದೆ. ಕಾಫಿ ಗಿಡ ನೆಟ್ಟವರು ಯಾರು ಎಂಬ ಕಡೆ ‘ಆಳುಗಳು’ ಎಂದಿದೆ. ಪುಸ್ತಕದ ಪುಟ ಮಿತಿಯಲ್ಲಿರಬೇಕಲ್ಲ.

ಚೀಟಿ ನೋಡಿದ ಗಂಗಾಮಣಿಯವರ ಮುಖ ಅರಳಿತು.

“ಇದಕ್ಕೆ ಯಾಕ್ರೀ ಹೆದರ್ತೀರ? ನಮ್ಮ ಚಂದ್ರಿ ಇದನ್ನೇ ಅಲ್ವೇನ್ರೀ ಓದಿರೋದು?”

ಮಾತು ನಿಜ. ಚಂದ್ರಿಕಾ ಅದೇ ಕಾಲೇಜಿನಲ್ಲಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಬಂದು ಹೋಗುವವರು ಎಂದು ಅರ್ಥ. ಚಂದ್ರಿಕಾ ಒಂಬತ್ತು ವರ್ಷದಿಂದ ಬಂದು ಹೋಗುತ್ತಿದ್ದಳು. ಓದು ಕಲಿತರೆ ಚಾಟಿಯೇಟು ಎಂಬ ಕಾಲದಲ್ಲಿ ಅಮೆರಿಕದ ಗುಲಾಮರು ಕದ್ದು ಅಕ್ಷರ ಕಲಿತದ್ದು, ಬಿಡುಗಡೆಯಾದ ಮೇಲೆ ಮಾರಿಹೋಗಿದ್ದ ತಾಯಿ ಮಕ್ಕಳನ್ನು ಹುಡುಕಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟದ್ದು, ಅವರ ಹೆಂಗಸರು ಸೇರಿ ಓದುವ ಸಂಘ ಕಟ್ಟಿ ತಮ್ಮ ಚರಿತ್ರೆಯನ್ನು ತಾವೇ ಬರೆದುಕೊಂಡದ್ದು, ಇದರ ಮೇಲೆ ಅವಳು ಪಿಎಚ್.ಡಿ. ಮಾಡಿದ್ದಳು. ಹಾಸನ ಜಿಲ್ಲೆಯಲ್ಲಿ ಈ ವಿಷಯಕ್ಕೆ ಇನ್ನೊಬ್ಬರನ್ನು ಹುಡುಕಬೇಕೆಂದರೂ ಸಿಗುವಂತಿರಲಿಲ್ಲ.

“ಓದಿರೋದೇನೋ ಅದೇ ಅಮ್ಮಾವ್ರೆ…” ಎಂದು ಮಂಜುನಾಥ ಚುಕ್ಕಿ ಇಟ್ಟು ನಿಲ್ಲಿಸಿದರು.

ಆ ಚುಕ್ಕಿಗಳ ಅರ್ಥ ಗಂಗಾಮಣಿಯವರಿಗೂ ಗೊತ್ತಿತ್ತು. ಚಂದ್ರಿಕಾ ಅವರ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿದವಳು. ನೆರಳು ಮರಗಳನ್ನು ಹತ್ತಿ ಕೊಂಬೆ ಸವರುವ ಮರಗಸಿ ಮಾಡುತ್ತಿದ್ದ ಅಪ್ಪ ಗಿಡ್ಡಯ್ಯ ಈಗಿಲ್ಲ. ಅವ್ವ ಮುನಿಯಮ್ಮ ಇವತ್ತಿಗೂ ಕಾಫಿ ಹಣ್ಣು ಕೊಯ್ಯಲು ಬರುತ್ತಾಳೆ. ಲೈನಿನವರು ಎಸ್ಟೇಟ್ ಮನೆಗೆ ಬಂದರೆ ನಿಲ್ಲುತ್ತಾರೆ. ಕೂರಬಾರದೆಂದು ಯಾರೂ ಹೇಳಿದ್ದಲ್ಲ. ಅವರು ನಿಲ್ಲುತ್ತಾರೆ, ಮನೆಯವರು ಕೂರುತ್ತಾರೆ, ನೀರು ಮೇಲಿಂದ ಕೆಳಕ್ಕೆ ಹರಿದ ಹಾಗೆ. ಚಂದ್ರಿಕಾಗೆ ಡಾಕ್ಟರೇಟ್ ಬಂದ ದಿನ ಗಂಗಾಮಣಿಯವರು ಅಭಿಮಾನದಿಂದ ಮನೆಗೆ ಕರೆಸಿ ಸೀರೆ ಕೊಟ್ಟು ಕಾಫಿ ಮಾಡಿಸಿದ್ದರು. ಚಂದ್ರಿಕಾ ಕಂಬಕ್ಕೆ ಒರಗಿ ನಿಂತು ಕುಡಿದಳು. ಕೂತ್ಕೋ ಎಂದು ಹೇಳೋಣವೆನ್ನುವಷ್ಟರಲ್ಲಿ ಕಾಫಿ ಮುಗಿದಿತ್ತು.

“ಮೊದಲು ಪೀಠ ಆಗಲಿ,” ಎಂದರು ಗಂಗಾಮಣಿಯವರು. “ಪೀಠಕ್ಕೆ ಯಾರು ಅನ್ನೋದು ಆಮೇಲೆ. ತೊಟ್ಟಿಲು ಕಟ್ಟೋಕೆ ಮುಂಚೆ ಯಾರಾದ್ರೂ ನಾಮಕರಣ ಮಾಡ್ತಾರೇನ್ರೀ?”

ಹೀಗೆ ಬಡಗಿ ಸಿದ್ದಯ್ಯನಿಗೆ ಹೇಳಿ ಕಳಿಸಲಾಯಿತು.

ಬಿ.ಎ. ಓದಿದ ಗಂಗಾಮಣಿಯವರಿಗೆ ಅಧ್ಯಯನ ಪೀಠ ಎಂದರೆ ಕೂರುವ ಪೀಠವಲ್ಲವೆಂದು ತಿಳಿಯದೆ ಇರಲಿಲ್ಲ. ಆದರೆ ಸುತ್ತೋಲೆಯ ಕೊನೆಯಲ್ಲಿ ‘ಸ್ಥಾಪಿತ ಪೀಠದ ವ್ಯಾಪ್ತಿ ಮತ್ತು ಆಳವನ್ನು ನಮೂದಿಸುವುದು’ ಎಂದಿತ್ತು. ಅಳತೆ ಕೇಳುವವರಿಗೆ ಅಳೆಯುವ ವಸ್ತುವನ್ನೇ ಒದಗಿಸುವುದು ಲೇಸೆಂದು ಅವರ ಅಭಿಪ್ರಾಯ.

“ಎಂಥ ಪೀಠ ಅಮ್ಮಾವ್ರೆ?” ಎಂದು ಸಿದ್ದಯ್ಯ ಕೇಳಿದ. “ದೇವ್ರಿಗೋ, ಮನುಷ್ರಿಗೋ?”

“ಅಧ್ಯಯನಕ್ಕೆ.”

“ಹಂಗಾರೆ ಕೈ ಇಡಾಕೆ ಎರಡೂ ಕಡೆ ಬೇಕಾಯ್ತದೆ.”

ಕೆಡವಿದ ಹಳೇ ಕಾಫಿ ಸ್ಟೋರಿನ ಬೀಟೆ ತೊಲೆಗಳು ಮನೆಯ ಹಿಂದೆ ಬಿದ್ದಿದ್ದವು. ಅದರಲ್ಲೇ ಸಿದ್ದಯ್ಯ ಕುರ್ಚಿ ಕೊರೆದ. ಯಾವ ಬಣ್ಣದ ಪಾಲಿಶ್ ಎಂದು ಕೇಳಿದಾಗ ಮಂಜುನಾಥ ಚೀಟಿ ತೆಗೆದು ನೋಡಿ “ಕಪ್ಪು” ಎಂದರು. ನಮ್ಮ ಕಡೆ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ಬೆಳಕಿಗಿಂತ ದಪ್ಪವಾಗಿ ದಾನಿಯ ಹೆಸರಿರುತ್ತದೆ. ಆ ಪ್ರಕಾರ ಪೀಠದ ಒರಗುವ ಹಲಗೆಯ ತುಂಬ ‘ಶ್ರೀ ವೀರಭದ್ರಯ್ಯನವರ ಜ್ಞಾಪಕಾರ್ಥ’ ಎಂದು ಕೆತ್ತಿಸಿದರು. ಅಮೆರಿಕದ ವಿಷಯವನ್ನೂ ಒಂದು ಮೂಲೆಯಲ್ಲಿ ಕೆತ್ತಿಸುವ ಉದ್ದೇಶವಿತ್ತು. ಹಲಗೆ ಸಾಲಲಿಲ್ಲ.

ವ್ಯಾಪ್ತಿ ಎರಡಡಿ, ಆಳ ಒಂದೂಮುಕ್ಕಾಲು ಅಡಿ ಎಂದು ಬರೆದು ಕಳಿಸಿದರು. ತಿಂಗಳೊಳಗೆ ಮೇಲಿನ ಕಚೇರಿಯಿಂದ ಉತ್ತರ ಬಂತು: ‘ವ್ಯಾಪ್ತಿ ತೃಪ್ತಿಕರ. ಆಳ ಸಾಲದು. ಮುಂದಿನ ಸಾಲಿನಲ್ಲಿ ಹೆಚ್ಚಿಸತಕ್ಕದ್ದು.’

ಪೀಠ ಬಂದ ಸುದ್ದಿ ಕೇಳಿ ಚಂದ್ರಿಕಾ ಗಂಗಾಮಣಿಯವರನ್ನು ಕಾಣಲು ಕಾಲೇಜಿನ ಆಫೀಸಿಗೆ ಬಂದಳು. ಬಾಗಿಲ ಹತ್ತಿರ ನಿಂತಳು. ಎದುರಿಗೆ ಕಿಟಕಿಯ ಪಕ್ಕದಲ್ಲಿ ಪೀಠ ಹೊಳೆಯುತ್ತಿತ್ತು.

“ಅಮ್ಮಾವ್ರೆ, ಮಾರ್ಚಿಗೆ ನನ್ನ ಅವಧಿ ಮುಗೀತದೆ. ಈ ಸಲ ಅತಿಥಿಗಳನ್ನ ಕಡಿಮೆ ಮಾಡ್ತಾರಂತೆ. ಪೀಠಕ್ಕೆ ಬಂದವರು ಮಾತ್ರ ಕಾಯಂ ಅಂತ ಸುತ್ತೋಲೇಲಿ ಐತೆ.”

“ಗೊತ್ತು ಮಗಾ. ನಿನ್ನ ಹೆಸರೇ ಕಳ್ಸಿದ್ದೀನಿ. ನಿನ್ನ ಬಿಟ್ರೆ ಇನ್ಯಾರು?”

“ಹಂಗಾರೆ ನಾನು ಯಾವತ್ತಿಂದ ಕೂತ್ಕಳ್ಲಿ?”

ಗಂಗಾಮಣಿಯವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ನೋಡು ಚಂದ್ರಿ, ನೀನು ನಮ್ಮನೆ ಮಗು ಇದ್ದಂಗೆ. ನಿಂಗೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬೇಡ. ಆ ಹಲಗೆ ಮೇಲೆ ಮಾವನವರ ಹೆಸರೈತೆ. ಅದಕ್ಕೆ ಬೆನ್ನು ತಾಗ್ಸಿ ಕೂರೋದು ಅಂದ್ರೆ? ಯಾರೇ ಆಗ್ಲಿ, ನಾನು ನಿಂಗೆ ಅಂತ ಹೇಳ್ತಿಲ್ಲ. ಜಾತಿ ಮತ ಭೇದ ಇಲ್ದೆ ಯಾರೂ ಕೂರಂಗಿಲ್ಲ ಅಂತ ಟ್ರಸ್ಟಲ್ಲಿ ತೀರ್ಮಾನ ಆಗೈತೆ.”

“ಪ್ರಾಂಶುಪಾಲರು ಕೂತಿದ್ರಲ್ಲ?”

“ಅದು ಗಟ್ಟಿ ಐತಾ ಅಂತ ಪರೀಕ್ಷೆ ಮಾಡಿದ್ದು.”

“ನಿಮ್ಮ ತಮ್ಮನ ಮಗ ಲೋಹಿತಣ್ಣ ಕೂತ್ಕಂಡು ಫೋನ್ ನೋಡ್ತಿದ್ರು.”

“ಪಾಲಿಶ್ ಒಣಗೈತಾ ಅಂತ.”

“ನೀವೂ ಫೋಟೋಲಿ ಕೂತಿದ್ದೀರ.”

“ನಾನು ಪ್ರತಿಷ್ಠಾಪನೆ ಮಾಡಿದ್ದು ಕಣೇ.”

ಚಂದ್ರಿಕಾ ಪೀಠದ ಕಡೆ ತಿರುಗಿದಳು. “ನಾನು ಕೂತ್ರೆ?”

“ನೀನು ಕೂತ್ರೆ ಕೂತಂಗಾಗುತ್ತೆ ಮಗಾ.” ಗಂಗಾಮಣಿಯವರ ದನಿಯಲ್ಲಿ ನಿಜವಾದ ಅಕ್ಕರೆ ಇತ್ತು. ಸುತ್ತೋಲೆಯನ್ನು ಹತ್ತಿರ ಎಳೆದುಕೊಂಡು ಒಂದು ಸಾಲಿನ ಕೆಳಗೆ ಬೆರಳಿಟ್ಟರು. “ಇಲ್ಲಿ ಏನೈತೆ ಓದು. ‘ಪೀಠವನ್ನು ಅಲಂಕರಿಸಿದ ದಿನದಿಂದ ಸೇವೆ ಪರಿಗಣಿಸಲ್ಪಡುವುದು.’ ಕೂರ್ಬೇಕು ಅಂತ ಎಲ್ಲೈತೆ? ಅಲಂಕರಿಸು ಅಂತ ಐತೆ.”

“ಅಂದ್ರೆ… ಹೂ ಹಾಕ್ಬೇಕಾ?”

“ಚೆಂಡು ಹೂವು. ಟ್ರಸ್ಟಿಂದಲೇ ಕೊಡ್ಸೋಣ.”

ಮಾರನೆಯ ದಿನದಿಂದ ಚಂದ್ರಿಕಾ ಬೆಳಗ್ಗೆ ಮೊದಲು ಪೀಠವನ್ನು ಅಲಂಕರಿಸಿ ಆಮೇಲೆ ತರಗತಿಗೆ ಹೋದಳು. ಹುದ್ದೆಯ ಹೆಸರು ಏನಿರಬೇಕೆಂಬ ಪ್ರಶ್ನೆ ಎದ್ದಿತು. ಕೂರದೆ ಇರುವ ಪೀಠಾಧ್ಯಕ್ಷರನ್ನು ಅಧ್ಯಕ್ಷರೆನ್ನುವುದು ಹೇಗೆ? ಸಂಸ್ಕೃತ ಉಪನ್ಯಾಸಕರನ್ನು ವಿಚಾರಿಸಲಾಗಿ ಅವರು, ಕಾಯಂ ಎಂಬುದು ಶುದ್ಧ ಪದವಲ್ಲ, ಸ್ಥಾಯಿ ಎನ್ನಬೇಕು, ಸ್ಥಾ ಎಂದರೆ ನಿಲ್ಲು, ಸ್ಥಾಯಿ ಎಂದರೆ ನಿಂತೇ ಇರುವುದು ಎಂದು ವಿವರಿಸಿದರು. ಎಲ್ಲರಿಗೂ ಮನಸ್ಸು ಹಗುರವಾಯಿತು. ‘ಸ್ಥಾಯಿ ಅತಿಥಿ ಪ್ರಾಧ್ಯಾಪಕಿ’ ಎಂದು ಆದೇಶ ಹೊರಟಿತು. ಸಂಬಳ ಅತಿಥಿಯದು, ನಿಲ್ಲುವುದು ಸ್ಥಾಯಿಯದು. ಆದೇಶವನ್ನು ಮೇಲಿನ ಕಚೇರಿ ಒಪ್ಪಿದ ಮೇಲೆ ಸಂಬಳದ ವಿಚಾರ ನೋಡುವುದೆಂದು ಕೆಳಗೆ ಷರಾ ಇತ್ತು.

ಆ ಸಂಜೆ ಕೊಯ್ಲಿನ ಹಣ್ಣು ಅಳೆಯುವಾಗ ಸ್ಟೋರಿನ ಮುಂದೆ ತಾಯಿ ಮಗಳು ಮಾತಾಡಿಕೊಂಡದ್ದು ಜಗಲಿಯಲ್ಲಿದ್ದ ಗಂಗಾಮಣಿಯವರ ಕಿವಿಗೂ ಬಿತ್ತು.

“ಕೆಲ್ಸ ಕಾಯಮ್ಮಾಯ್ತೇನೇ?” ಎಂದು ಮುನಿಯಮ್ಮ ಕೇಳಿದಳು.

“ನಿಲ್ಲೋದು ಕಾಯಂ ಆಯ್ತವ್ವಾ.”

“ಅದು ಮೊದ್ಲಿಂದ್ಲೂ ಕಾಯಮ್ಮೇ ಅಲ್ವೇನೇ. ಅದಕ್ಕೆ ಪರೀಕ್ಷೆ ಬೇರೆ ಕಟ್ಬೇಕಿತ್ತಾ?”

ಇಬ್ಬರೂ ನಕ್ಕರು. ಲೈನಿನವರಿಗೆ ಇಷ್ಟು ಚಿಕ್ಕದಕ್ಕೂ ನಗು ಬರುತ್ತದಲ್ಲ ಎಂದು ಗಂಗಾಮಣಿಯವರಿಗೆ ಸಮಾಧಾನವಾಯಿತು.

ಫೆಬ್ರವರಿಯಲ್ಲಿ ತುರ್ತು ಸಂದೇಶ ಬಂತು. ಪೀಠಗಳನ್ನು ನೋಡಲು ಅಮೆರಿಕದಿಂದಲೇ ಒಬ್ಬ ಹಿರಿಯ ಪ್ರಾಧ್ಯಾಪಕಿ ಬರುತ್ತಿದ್ದಾರೆ, ಹೆಸರು ಡಾ. ವರ್ನೀಸ್, ಸ್ವತಃ ಕಪ್ಪು ಜನಾಂಗದವರು, ಅವರ ಅಭಿಪ್ರಾಯದ ಮೇಲೆ ಚಂದ್ರಿಕಾಳ ಹುದ್ದೆಯೂ ಕಾಲೇಜಿನ ಮಾನ್ಯತೆಯೂ ನಿರ್ಧಾರವಾಗುತ್ತದೆ ಎಂದಿತ್ತು. ಕಾಲೇಜು ಸುಣ್ಣ ಬಳಿದುಕೊಂಡಿತು. ಸ್ವಾಗತ ಸಮಿತಿ ಬಣ್ಣಭೇದವನ್ನು ಖಂಡಿಸುವ ಗೀತೆಯೊಂದನ್ನು ಕಲಿಸಿ, ಹಾಡಲು ಬೆಳ್ಳಗಿರುವ ಹುಡುಗಿಯರನ್ನು ಆರಿಸಿ ಮುಂದಿನ ಸಾಲಿನಲ್ಲಿ ನಿಲ್ಲಿಸಿತು. ದನಿ ಚೆನ್ನಾಗಿರುವವರು ಹಿಂದೆ ನಿಂತರೂ ಕೇಳಿಸುತ್ತದೆ. ಹೆದ್ದಾರಿಗೆ ಅಡ್ಡ ಬ್ಯಾನರ್ ಕಟ್ಟಿದರು. ಬ್ಯಾನರಿನವನು ಹೆಸರನ್ನು ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದರಿಂದ ಅದರಲ್ಲಿ ‘ಡಾ. ವಾರ್ನಿಷ್ ಅವರಿಗೆ ಹಾರ್ದಿಕ ಸ್ವಾಗತ’ ಎಂದಿತ್ತು. ಅದನ್ನು ಓದಿದ ಸಿದ್ದಯ್ಯ ಓಡಿ ಬಂದ.

“ಪಾಲಿಶ್ ನೋಡಾಕೆ ಡಾಕ್ಟ್ರು ಬತ್ತಾವ್ರಂತೆ. ನಾನು ಮೂರು ಕೋಟು ಹೊಡ್ದಿವ್ನಿ ಅಮ್ಮಾವ್ರೆ, ಎಲ್ಲಿ ಬೇಕಾದ್ರೂ ಹೇಳ್ತೀನಿ.”

ಡಾ. ವರ್ನೀಸ್ ಕಾರಿನಿಂದ ಇಳಿದರು. ಎತ್ತರದ ಆಳು, ಗಿಡ್ಡಕ್ಕೆ ಕತ್ತರಿಸಿದ ಬೆಳ್ಳಿ ಕೂದಲು, ಕೈಯಲ್ಲಿ ಊರುಗೋಲು. ಮಂಡಿಯ ಆಪರೇಷನ್ ಆಗಿದೆಯೆಂದು ಮೊದಲೇ ತಿಳಿಸಿದ್ದರು. ಗಂಗಾಮಣಿಯವರಿಗೂ ಮಂಡಿ ನೋವು. ಇಬ್ಬರೂ ಮೆಟ್ಟಿಲು ಹತ್ತುವಾಗ ಒಂದೇ ಮೆಟ್ಟಿಲಿನಲ್ಲಿ ಒಟ್ಟಿಗೆ ನಿಂತು ಒಬ್ಬರನ್ನೊಬ್ಬರು ನೋಡಿ ನಕ್ಕರು. ಚಂದ್ರಿಕಾ ನಡುವೆ ನಿಂತು ಮಾತನ್ನು ಆ ಕಡೆಗೂ ಈ ಕಡೆಗೂ ದಾಟಿಸುತ್ತಿದ್ದಳು. ಬ್ಯಾನರಿನ ಅರ್ಥ ಹೇಳಿದಾಗ ಅತಿಥಿಗಳು ಊರುಗೋಲಿಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ವೇದಿಕೆಯ ಮಧ್ಯೆ ಬೀಟೆ ಪೀಠ, ಚೆಂಡು ಹೂವಿನ ಹಾರ. ಎರಡೂ ಕಡೆ ಟರ್ಕಿ ಟವೆಲ್ ಹೊದಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಪೀಠದ ಪಕ್ಕದಲ್ಲಿ ಚಂದ್ರಿಕಾ ನಿಂತಳು.

ಅತಿಥಿಗಳು ಪೀಠವನ್ನು ನೋಡಿ ಏನೋ ಕೇಳಿದರು. “ಈ ಪೀಠವನ್ನು ಯಾರು ಹೊತ್ತಿದ್ದಾರೆ ಅಂತ ಕೇಳ್ತಿದ್ದಾರೆ,” ಎಂದು ಚಂದ್ರಿಕಾ ಕನ್ನಡಕ್ಕೆ ಹೇಳಿದಳು.

“ಒಬ್ಬರ ಕೈಲಿ ಆಗಲ್ಲ, ಭಾರ ಐತೆ,” ಎಂದರು ಮಂಜುನಾಥ. “ನಮ್ಮ ಇಬ್ಬರು ಅಟೆಂಡರುಗಳು ಹೊತ್ತರು.”

ಚಂದ್ರಿಕಾ ಅದನ್ನು ಹಾಗೇ ಇಂಗ್ಲಿಷಿಗೆ ದಾಟಿಸಿದಳು. ಆಮೇಲೆ ಅವಳೂ ಅತಿಥಿಗಳೂ ತಲೆ ಹತ್ತಿರ ತಂದು ಸ್ವಲ್ಪ ಹೊತ್ತು ಮಾತಾಡಿದರು. ಗಂಗಾಮಣಿಯವರು ನೋಡುತ್ತಿದ್ದಂತೆ ಅತಿಥಿಗಳು ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಚಂದ್ರಿಕಾ ಹಲಗೆಯ ಮೇಲಿನ ಹೆಸರನ್ನು ತೋರಿಸಿದಳು, ಹಾರವನ್ನು ತೋರಿಸಿದಳು, ತನ್ನ ಕಾಲನ್ನು ತೋರಿಸಿದಳು. ಅತಿಥಿಗಳು ತಮ್ಮ ಕುರ್ಚಿಯ ಟವೆಲ್ ಮಡಿಸಿ ಕುರ್ಚಿಯ ಮೇಲಿಟ್ಟು, ಊರುಗೋಲನ್ನು ಗಟ್ಟಿಯಾಗಿ ಊರಿ ಚಂದ್ರಿಕಾಳ ಪಕ್ಕ ಹೋಗಿ ನಿಂತರು.

“ಏನಂತೆ ಚಂದ್ರಿ?”

“ಪೀಠ ಖಾಲಿ ಇರೋ ತನಕ ಅವರೂ ಕೂರಲ್ವಂತೆ ಅಮ್ಮಾವ್ರೆ.”

ಗಂಗಾಮಣಿಯವರ ಎದೆ ತುಂಬಿ ಬಂತು. ಏಳು ಸಮುದ್ರದ ಆ ಕಡೆಯಿಂದ ಬಂದ ಹೆಂಗಸು, ಮಂಡಿ ಕೊಯ್ಸಿಕೊಂಡವರು, ಮಾವನವರ ಹೆಸರಿಗೆ ಎಷ್ಟು ಗೌರವ. ಅತಿಥಿ ನಿಂತಿರುವಾಗ ಮನೆಯೊಡತಿ ಕೂರುವುದುಂಟೇ? ಅವರೂ ಎದ್ದರು. ಅಮ್ಮಾವ್ರು ಎದ್ದ ಮೇಲೆ ಮಂಜುನಾಥ ಎದ್ದರು, ಟ್ರಸ್ಟಿನವರು ಎದ್ದರು, ಸಭೆಯೂ ಎದ್ದಿತು. ಹಿಂದುಗಡೆ ಬಾಗಿಲ ಹತ್ತಿರ ಮುನಿಯಮ್ಮನೂ ಲೈನಿನ ಹೆಂಗಸರೂ ಮೊದಲಿಂದಲೂ ನಿಂತೇ ಇದ್ದರು. ಅವರಿಗೆ ಏನೂ ವ್ಯತ್ಯಾಸವಾಗಲಿಲ್ಲ.

ಅತಿಥಿಗಳು ಮಾತಾಡಿದರು. ಚಂದ್ರಿಕಾ ಸಾಲು ಸಾಲಾಗಿ ಕನ್ನಡ ಮಾಡಿದಳು.

“ನಮ್ಮಜ್ಜಿ ದಿನಾ ಬಸ್ಸಲ್ಲಿ ಕೆಲಸಕ್ಕೆ ಹೋಗ್ತಿದ್ದರು. ಬೇರೆಯವರ ಮಕ್ಕಳನ್ನ ನೋಡಿಕೊಳ್ಳೋ ಕೆಲಸ. ಬಸ್ಸಿನ ಮುಂದಿನ ಸೀಟುಗಳು ಬಿಳಿಯರಿಗೆ. ಒಂದೊಂದು ದಿನ ಬಿಳಿಯರು ಒಬ್ಬರೂ ಇರ್ತಿರಲಿಲ್ಲ. ಸೀಟು ಖಾಲಿ. ಅದರ ಪಕ್ಕದಲ್ಲೇ ನಮ್ಮಜ್ಜಿ ಕಂಬಿ ಹಿಡಿದು ನಿಂತಿರ್ತಿದ್ದರು.”

ಸಭೆಯ ಉದ್ದಕ್ಕೂ ಲೊಚಗುಟ್ಟುವ ಸದ್ದು ಹರಿದು ಹೋಯಿತು.

“ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರು ಬೆಳೆಸಿದ ಮಕ್ಕಳು ದೊಡ್ಡವರಾಗಿ ತಮ್ಮ ಮನೆತನದ ಚರಿತ್ರೆ ಬರೆದರು. ಅದರಲ್ಲಿ ಅವರ ಕುದುರೆಗಳ ಹೆಸರು ಇದೆ. ಅಜ್ಜಿ ಇರಬೇಕಾದ ಕಡೆ ‘ಕೆಲಸದವಳು’ ಅಂತ ಇದೆ.”

ಗಂಗಾಮಣಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೀಗೂ ಬರೆಯುವ ಜನ ಇರುತ್ತಾರಾ ಎಂದು ಪಕ್ಕದಲ್ಲಿದ್ದ ಮಂಜುನಾಥರನ್ನು ಕೇಳಿದರು. “ಕಟುಕರು ಅಮ್ಮಾವ್ರೆ,” ಎಂದು ಮಂಜುನಾಥ ಕಾಲು ಬದಲಾಯಿಸಿ ನಿಂತರು.

ಹಿಂದಿನಿಂದ ಮುನಿಯಮ್ಮನ ದನಿ ಬಂತು. “ಅಲ್ಲಾ ಚಂದ್ರಿ, ಸೀಟು ಖಾಲಿ ಇತ್ತು ಅಂದ್ಯಲ್ಲ. ಆವಮ್ಮ ಯಾಕೆ ಕೂತ್ಕಳ್ಳಿಲ್ಲ?”

ಸಭೆಯಲ್ಲಿ ಲೈನಿನವರು ಮಾತಾಡುವ ಪದ್ಧತಿ ಇರಲಿಲ್ಲವಾದ್ದರಿಂದ ಒಂದು ಕ್ಷಣ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಮಂಜುನಾಥರೇ ಮುಂದೆ ಬಂದು, “ಅಲ್ಲಿ ರೂಲ್ಸ್ ಹಂಗಿತ್ತು ಕಣಮ್ಮಾ,” ಎಂದು ತಿಳಿಹೇಳಿದರು.

“ಓ, ರೂಲ್ಸಾ,” ಎಂದಳು ಮುನಿಯಮ್ಮ.

ಅತಿಥಿಗಳಿಗೆ ಏನು ನಡೆಯಿತೆಂದು ಚಂದ್ರಿಕಾ ಹೇಳಿದಳು. ಅವರು ಬಾಗಿಲ ಕಡೆ ತಿರುಗಿದರು. ಭಾಷಣವನ್ನು ಮುಂದುವರಿಸಲಿಲ್ಲ. ನಡೆದುಕೊಂಡು ಹೋಗಿ ಮುನಿಯಮ್ಮನ ಎರಡೂ ಕೈ ಹಿಡಿದುಕೊಂಡರು. ಕಾರ್ಯಕ್ರಮ ಪಟ್ಟಿಯಲ್ಲಿ ಅದು ಇರಲಿಲ್ಲವಾದ್ದರಿಂದ ಫೋಟೋದವನು ತೆಗೆಯಲಿಲ್ಲ.

ಅತಿಥಿಗಳು ಮೇಲಿನ ಕಚೇರಿಗೆ ಬರೆದ ಅಭಿಪ್ರಾಯ ತೀರ ಚಿಕ್ಕದಾಗಿತ್ತು. ‘ಇಂಥ ಪೀಠವನ್ನು ನಾನು ಎಲ್ಲಿಯೂ ಕಂಡಿಲ್ಲ. ಡಾ. ಚಂದ್ರಿಕಾ ಅದರಲ್ಲಿ ಕೂರುವವರೆಗೆ ಅಲ್ಲಿ ಯಾರೂ ಕೂರಬಾರದು.’

ಮೇಲಿನ ಕಚೇರಿಯವರು ಸಂತೋಷಪಟ್ಟರು. ವಿದೇಶಿ ತಜ್ಞರಿಂದ ಇಷ್ಟು ಸ್ಪಷ್ಟವಾದ ಶಿಫಾರಸು ಯಾವ ಪೀಠಕ್ಕೂ ಬಂದಿರಲಿಲ್ಲ. ವಾರದೊಳಗೆ ಆದೇಶ ಹೊರಟಿತು: ‘ಸದರಿ ಕಾಲೇಜಿನಲ್ಲಿ ಪೀಠವು ಖಾಲಿ ಇರುವ ಅವಧಿಯಲ್ಲಿ ಯಾರೂ ಆಸೀನರಾಗತಕ್ಕದ್ದಲ್ಲ. ಇದನ್ನು ಉತ್ತಮ ಪದ್ಧತಿ ಎಂದು ಪರಿಗಣಿಸಿ ಮಾನ್ಯತೆಯನ್ನು ಮುಂದುವರಿಸಲಾಗಿದೆ. ಪದ್ಧತಿಯಲ್ಲಿ ಲೋಪ ಕಂಡುಬಂದಲ್ಲಿ ಮಾನ್ಯತೆ ತಾನಾಗಿಯೇ ರದ್ದಾಗುವುದು.’ ಜೊತೆಗೆ ಒಂದು ನಮೂನೆ ಇತ್ತು. ಅದರಲ್ಲಿ ‘ವರ್ಣಭೇದದ ಕುರಿತು ಸಂಸ್ಥೆಯ ನಿಲುವು’ ಎಂಬ ಕಾಲಮ್ಮಿಗೆ ಮಂಜುನಾಥ ‘ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆ’ ಎಂದು ತುಂಬಿದರು.

ಬೆಂಚುಗಳನ್ನು ಹೊರಗೆ ಸಾಗಿಸಲಾಯಿತು. ಹುಡುಗರು ನಿಂತು ಬರೆದುಕೊಂಡರು. ಪರೀಕ್ಷೆಗೆ ಗೋಡೆಯನ್ನು ಹಂಚಿಕೊಟ್ಟರು. ಮೂಲೆ ಸಿಕ್ಕವರನ್ನು ಅದೃಷ್ಟವಂತರು ಎನ್ನುತ್ತಿದ್ದರು. ಗ್ರಂಥಾಲಯದಲ್ಲಿ ದಪ್ಪ ಪುಸ್ತಕಗಳನ್ನು ಕೇಳುವವರು ಇಲ್ಲವಾದರು. ಬಸ್ ಕಂಡಕ್ಟರುಗಳು ‘ನಿಂತ ಕಾಲೇಜು ಯಾರ್ರೀ, ಇಳೀರಿ’ ಎಂದು ಕೂಗತೊಡಗಿದರು.

ಮಳೆಗಾಲ ಹತ್ತಿರ ಬಂದಂತೆ ಗಂಗಾಮಣಿಯವರ ಮಂಡಿ ಊದಿತು. ಟ್ರಸ್ಟಿನ ಸಭೆ ಸೇರಿತು, ನಿಂತೇ. ಸಂಸ್ಕೃತ ಉಪನ್ಯಾಸಕರು ಕಿಟಕಿಯ ಕಂಬಿ ಹಿಡಿದುಕೊಂಡಿದ್ದರು. ಮಂಜುನಾಥ ಒಂದೆರಡು ಸಲ ಗಂಟಲು ಸರಿಮಾಡಿಕೊಂಡರು.

“ಒಂದು ದಾರಿ ಐತೆ ಅಮ್ಮಾವ್ರೆ. ಪೀಠ ಖಾಲಿ ಇರೋ ತನಕ ತಾನೆ? ಚಂದ್ರಿಕಾ ಮೇಡಮ್ಮು ಒಂದ್ಸಲ ಕೂತ್ಕಂಡ್ಬುಟ್ರೆ, ನಾವೆಲ್ಲಾ…”

ಹೆದ್ದಾರಿಯಲ್ಲಿ ಒಂದು ಲಾರಿ ಗೇರು ಬದಲಾಯಿಸಿಕೊಂಡು ಏರು ಹತ್ತುವುದು ಕೇಳಿಸಿತು. ಎಲ್ಲರೂ ಮೊದಲು ಪೀಠವನ್ನು, ಆಮೇಲೆ ತಮ್ಮ ತಮ್ಮ ಮಂಡಿಯನ್ನು ನೋಡಿಕೊಂಡರು. ಗಂಗಾಮಣಿಯವರು ಎಲ್ಲ ಮಗ್ಗುಲಿನಿಂದಲೂ ಯೋಚಿಸಿದರು. ಚಂದ್ರಿಯ ಮೇಲೆ ಅವರಿಗೆ ಏನೂ ಇರಲಿಲ್ಲ, ಪ್ರೀತಿಯೇ ಇತ್ತು. ಆದರೆ ಇವತ್ತು ಅವಳು ಪೀಠದಲ್ಲಿ ಕೂತರೆ, ನಾಳೆ ಮುನಿಯಮ್ಮ ಜಗಲಿಯಲ್ಲಿ ಕಾಫಿ ಕುಡಿಯುವಾಗ ಎಲ್ಲಿ ಕೂರುತ್ತಾಳೆ? ಯಾವುದಕ್ಕೂ ಒಂದು ಅಳತೆ ಬೇಕು.

ನೋವಿನ ಎಣ್ಣೆಯನ್ನು ಸಿಬ್ಬಂದಿಗೆ ಟ್ರಸ್ಟಿನ ವತಿಯಿಂದಲೇ ಒದಗಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಚಂದ್ರಿಕಾ ಈ ಅವಧಿಯಲ್ಲಿ ಯಾವ ನಿಯಮವನ್ನೂ ಮೀರಲಿಲ್ಲ. ಬೆಳಗ್ಗೆ ಪೀಠವನ್ನು ಅಲಂಕರಿಸಿ, ಹಾಜರಿ ತೆಗೆದುಕೊಂಡು, ಹುಡುಗರನ್ನು ಕರೆದುಕೊಂಡು ಗೇಟಿನಾಚೆ ಹೋಗುತ್ತಿದ್ದಳು. ಕಾಲೇಜಿನ ಜಾಗ ಗೇಟಿಗೆ ಮುಗಿಯುತ್ತದೆ. ಆಚೆ ಬಸ್ಸು ನಿಲ್ಲುವ ಕಡೆ ಹಲಸಿನ ಮರದ ಸುತ್ತ ಉದ್ದಕ್ಕೆ ಕಲ್ಲಿನ ಕಟ್ಟೆ ಇದೆ. ಅದು ಯಾರದ್ದೂ ಅಲ್ಲ. ಅಲ್ಲಿ ಅವಳೂ ಕೂತು, ಅವರನ್ನೂ ಕೂರಿಸಿ ಪಾಠ ಮಾಡುತ್ತಿದ್ದಳು. ಮೊದಮೊದಲು ಇತಿಹಾಸದ ಹುಡುಗರು ಮಾತ್ರ ಬರುತ್ತಿದ್ದರು. ಆಮೇಲೆ ಕಾಮರ್ಸಿನವರು, ವಿಜ್ಞಾನದವರು, ಬಸ್ಸು ಕಾಯುವವರು, ತೋಟದ ಕೆಲಸವಿಲ್ಲದ ದಿನ ಲೈನಿನ ಹೆಂಗಸರು. ಅಮೆರಿಕದ ಕಪ್ಪು ಜನರ ಬೌದ್ಧಿಕ ಇತಿಹಾಸಕ್ಕೆ ಅಷ್ಟು ಜನ ಸೇರುವುದನ್ನು ನೋಡಿ ಮೇಲಿನ ಕಚೇರಿಯವರು ‘ಆಳ ಈಗ ತೃಪ್ತಿಕರ’ ಎಂದು ಬರೆದರು. ಸಂಬಳದ ಬಗ್ಗೆ ಏನೂ ಬರೆಯಲಿಲ್ಲ.

ಒಂದು ಮಧ್ಯಾಹ್ನ ಗಂಗಾಮಣಿಯವರು ಕಾಲೇಜಿನ ಕಾರಿಡಾರಿನಲ್ಲಿ ನಿಲ್ಲಲಾರದೆ, ಜೀಪು ಬರಲೆಂದು ಗೇಟಿನ ಹೊರಗೆ ಬಂದರು. ಕಟ್ಟೆಯ ಮೇಲೆ ಪಾಠ ನಡೆಯುತ್ತಿತ್ತು. ಮಾರಿಹೋದ ಮಕ್ಕಳನ್ನು ಹುಡುಕಿ ತಾಯಂದಿರು ಪತ್ರಿಕೆಗೆ ಬರೆಸಿದ ಪ್ರಕಟಣೆಗಳನ್ನು ಚಂದ್ರಿಕಾ ಕನ್ನಡದಲ್ಲಿ ಹೇಳುತ್ತಿದ್ದಳು. ‘ನನ್ನ ಮಗಳ ಎಡ ಹುಬ್ಬಿನ ಮೇಲೆ ಮಚ್ಚೆ ಇದೆ. ಕಂಡವರು ತಿಳಿಸಿ. ನಾನು ಇನ್ನೂ ಬದುಕಿದ್ದೇನೆ ಎಂದು ಅವಳಿಗೆ ಹೇಳಿ.’ ಅಂಥವು. ಆಮೇಲೆ ಅವಳು, ನಿಮ್ಮ ನಿಮ್ಮ ಅಜ್ಜಿಯರು ಎಲ್ಲಿಂದ ಬಂದವರು, ಕೇಳಿಕೊಂಡು ಬಂದಿದ್ದೀರಾ ಎಂದಳು. ಒಬ್ಬೊಬ್ಬರಾಗಿ ಹೇಳತೊಡಗಿದರು. ಕೆ. ಹೊಸಕೋಟೆಯ ಹುಡುಗಿ ಹೇಳಿದಳು, ಪಾಳ್ಯದ ಹುಡುಗ ಹೇಳಿದ. ಮುನಿಯಮ್ಮ, “ನಮ್ಮವ್ವನ್ನ ಎಸ್ಟೇಟಿನ ಮೇಸ್ತ್ರಿ ಕೂಲಿಗೆ ಅಂತ ಕರ್ಕಂಡ್ ಬಂದ. ಹೆಸ್ರು ಭೂತಮ್ಮ. ಆಚೆ ಇಳಿಜಾರಿನ ಕಾಫಿ ಅಷ್ಟೂ ಅವ್ಳೇ ನೆಟ್ಟಿದ್ದು,” ಎಂದಳು. ಹುಡುಗರು ಬರೆದುಕೊಂಡರು.

ಗಂಗಾಮಣಿಯವರಿಗೆ ಆ ಇಳಿಜಾರು ಗೊತ್ತಿತ್ತು. ಅವರ ಪುಸ್ತಕದ ಮುಖಪುಟದಲ್ಲಿದ್ದದ್ದು ಅದೇ ಇಳಿಜಾರಿನ ಚಿತ್ರ. ಅವರಿಗೆ ಅರಿವಿಲ್ಲದೆ ಇನ್ನೂ ಎರಡು ಹೆಜ್ಜೆ ಹತ್ತಿರ ಬಂದರು.

ಚಂದ್ರಿಕಾ ನೋಡಿದಳು. ಪಾಠ ನಿಲ್ಲಿಸಿದಳು. ಮುನಿಯಮ್ಮನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಇತ್ತು. ಮುನಿಯಮ್ಮ ಇನ್ನಷ್ಟು ಸರಿದು, ಕಲ್ಲಿನ ಮೇಲಿನ ಎಲೆಯನ್ನು ಕೈಯಿಂದ ಗುಡಿಸಿದಳು.

“ಕೂತ್ಕಳಿ ಅಮ್ಮಾವ್ರೆ,” ಎಂದಳು ಚಂದ್ರಿಕಾ. “ಜಾಗ ಐತೆ.”

ಕಲ್ಲು ನೆರಳಲ್ಲಿತ್ತು, ತಣ್ಣಗಿದ್ದಿರಬೇಕು. ಗಂಗಾಮಣಿಯವರ ಎರಡೂ ಮಂಡಿ ಒಟ್ಟಿಗೆ ಮಿಡಿದವು. ಅವರು ಹೆದ್ದಾರಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಎದುರಿನ ಹೋಟೆಲಿನವನು ನೋಡುತ್ತಿದ್ದ. ಜೀಪು ಇನ್ನೂ ಬಂದಿರಲಿಲ್ಲ.

“ಬೇಡ ಮಗಾ,” ಎಂದು ಅವರು ಮರದ ಕೊಂಬೆಯೊಂದನ್ನು ಹಿಡಿದುಕೊಂಡರು. “ನೀವು ನಡ್ಸಿ. ನಂಗೆ ನಿಂತೇ ಅಭ್ಯಾಸ ಆಗ್ಬುಟ್ಟೈತೆ.”

ಪಾಠ ಮುಂದುವರಿಯಿತು. ಮುನಿಯಮ್ಮ ಖಾಲಿ ಜಾಗವನ್ನು ಒಮ್ಮೆ, ಕೊಂಬೆ ಹಿಡಿದು ನಿಂತ ಅಮ್ಮಾವ್ರನ್ನು ಒಮ್ಮೆ ನೋಡಿದಳು. ಆಮೇಲೆ ಪಕ್ಕದವಳ ಕಡೆ ಬಗ್ಗಿ, ಅಮ್ಮಾವ್ರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದಳು:

“ಪಾಪ, ರೂಲ್ಸ್ ಇರ್ಬೇಕು ಕಣೇ.”